ಅವಳ ಖಾತೆಯಲ್ಲಿ ಮಾತ್ರ ತೆರೆಯುತ್ತಿತ್ತು

ಕೂತಲ್ಲಿ ಕೂರುವ ಜೀವವಲ್ಲ ಅದು. ನಮ್ಮ ಕಾರ್ಯಾಗಾರದಲ್ಲಿ ಅವಳಿಗೆಂದೇ ಒಂದು ಕುರ್ಚಿ ಇದೆ. ಹನ್ನೊಂದು ವರ್ಷವಾದರೂ ಅದರ ಮೆತ್ತೆ ತಂದ ದಿನ ಇದ್ದಂತೆಯೇ ಇದೆ. ಊಟ ನಿಂತುಕೊಂಡು, ಫೋನು ಓಡಾಡಿಕೊಂಡು, ಬೈಯುವುದಿದ್ದರೆ ಬಾಗಿಲು ದಾಟುತ್ತ ದಾಟುತ್ತ. ಎದುರಿಗೆ ಎಲ್ಲರೂ ಅಕ್ಕ ಅನ್ನುತ್ತಾರೆ, ಬೆನ್ನ ಹಿಂದೆ ಗಿರಗಿಟ್ಲೆ. ವಯಸ್ಸಿನಲ್ಲಿ ನಾನೇ ಅವಳಿಗಿಂತ ಮೂರು ವರ್ಷ ದೊಡ್ಡವನು. ಆದರೂ ಅಕ್ಕ ಎಂದೇ ಕರೆಯುತ್ತೇನೆ. ಬೆಳಗಿನಿಂದ ಸಂಜೆಯವರೆಗೆ ನನ್ನನ್ನು ಗದರುವವಳನ್ನು ತಂಗಿ ಎನ್ನಲು ನಾಲಿಗೆ ಹೊರಳುವುದಿಲ್ಲ.

ನಾವು ಮಾಡುವುದು ಕಾಲಿನ ಆಸರೆ. ನಡೆಯುವಾಗ ಪಾದ ಜೋತುಬೀಳುವವರಿಗೆ, ಹಿಮ್ಮಡಿ ನೆಲಕ್ಕೆ ತಾಗದವರಿಗೆ, ಮೊಣಕಾಲಿನ ಕೆಳಗಿನಿಂದ ಪಾದದವರೆಗೆ ಅಪ್ಪಿ ಹಿಡಿಯುವ ಪ್ಲಾಸ್ಟಿಕ್ಕಿನ ಚಿಪ್ಪು. ಬರುವವರಲ್ಲಿ ಹೆಚ್ಚಿನವರು ಮಕ್ಕಳು. ಕಾಲಿಗೆ ಪ್ಲಾಸ್ಟರ್ ಸುತ್ತಿ ಅಚ್ಚು ತೆಗೆಯುವುದು ನನ್ನ ಕೆಲಸ, ಹಾಗಾಗಿ ನನ್ನ ಅಡ್ಡಹೆಸರು ಗಾರೆ. ಆ ಅಚ್ಚನ್ನು ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ತಿದ್ದಿ, ಪಕ್ಕದ ಕೋಣೆಯ ಕೆತ್ತುವ ಯಂತ್ರಕ್ಕೆ ಕಳಿಸುವುದು ಹೆಚ್ಚಾಗಿ ಅವಳ ಕೆಲಸ; ಅವಳಿಗೆ ಬಿಡುವಿಲ್ಲದಾಗ ನಾವೂ ಮಾಡುತ್ತೇವೆ. ಯಂತ್ರ ಗಟ್ಟಿ ಫೋಮಿನಲ್ಲಿ ಕಾಲನ್ನು ಕೆತ್ತಿಕೊಡುತ್ತದೆ; ಅದರ ಮೇಲೆ ಬಿಸಿ ಪ್ಲಾಸ್ಟಿಕ್ ಎಳೆದರೆ ಆಸರೆ. ತಿದ್ದುವುದರಲ್ಲಿ ಮುಖ್ಯವಾದದ್ದು ಒಂದೇ. ಹರಡಿನ, ಅಂದರೆ ಪಾದದ ಗಂಟಿನ, ಮೂಳೆ ಉಬ್ಬಿರುವ ಕಡೆ ಚಿಪ್ಪು ಒತ್ತದಂತೆ ಮೂರೋ ನಾಲ್ಕೋ ಮಿಲಿಮೀಟರ್ ಜಾಗ ಬಿಡಬೇಕು. ಬಿಡದಿದ್ದರೆ ಮಗು ಎರಡು ದಿನ ನಡೆಯುವಷ್ಟರಲ್ಲಿ ಚರ್ಮ ಕಿತ್ತುಬರುತ್ತದೆ.

ಈ ಕೆಲಸಕ್ಕೆ ಬರುವ ಮೊದಲು ಅವಳು ಮೂರು ಕಡೆ ಇದ್ದವಳು. ಹಲ್ಲಿನ ಡಾಕ್ಟರ ಹತ್ತಿರ ಸಹಾಯಕಿಯಾಗಿದ್ದಾಗ, ಬಾಯಿ ತೆರೆದು ಮಲಗಿದ್ದ ರೋಗಿಯೊಬ್ಬರು "ಮೊದಲು ಈಕೇನ ಒಂದು ಕಡೆ ನಿಲ್ಸಿ, ಆಮೇಲೆ ನನ್ನ ಹಲ್ಲು ಕೀಳಿ" ಎಂದರಂತೆ. ನಕ್ಷೆ ಬರೆಯುವ ಕಚೇರಿಯಲ್ಲಿ ಇಡೀ ದಿನ ಕೂರಬೇಕೆಂದು ಒಂದೇ ತಿಂಗಳಿಗೆ ಬಿಟ್ಟಳು. ಮೂರನೆಯದನ್ನು ಅವಳು ಹೇಳುವುದಿಲ್ಲ, ನಾನು ಕೇಳುವುದೂ ಇಲ್ಲ. ಮದುವೆಯಾದದ್ದು ಗಡಿಯಾರ ರಿಪೇರಿ ಮಾಡುವವನನ್ನು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಮೂರು ಗಂಟೆ ಕಾಲ ಅಲ್ಲಾಡದೆ ಕೂರುವ ಮಹಾಶಯ. ಅವಳ ಅತ್ತೆಯಂತೂ ತಮ್ಮ ಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡಿದ್ದಾರೆ. "ಇವಳ ಓಡಾಟ ನೋಡಿ ನೋಡಿ ನಂಗೆ ತಲೆ ಸುತ್ತತ್ತೆ" ಎನ್ನುತ್ತಾರೆ. ಆದರೆ ಮಗುವೊಂದರ ಪಾದ ಅಂಗೈಗೆ ಬಂದರೆ ಅದೇ ಹೆಂಗಸು ಉಸಿರನ್ನೂ ಸದ್ದಿಲ್ಲದೆ ಬಿಡುತ್ತಾಳೆ. ಆಗ ಅವಳನ್ನು ಮಾತಾಡಿಸಿದರೆ ಕೇಳಿಸುವುದಿಲ್ಲ.

ಇಂಥವಳ ಬೆನ್ನಿಗೆ ಬಿದ್ದದ್ದು ಒಂದು ಸಾಫ್ಟ್‌ವೇರು.

ನಮ್ಮಲ್ಲಿರುವುದು ಒಂದೇ ಕಂಪ್ಯೂಟರ್. ಹಿಂದೆ ಇದ್ದ ತಂತ್ರಜ್ಞ ಅದಕ್ಕೆ ವಿಂಡೋಸ್ ಬದಲು ಲಿನಕ್ಸ್ ಹಾಕಿ, ನಮಗೆಲ್ಲ ಬೇರೆ ಬೇರೆ ಖಾತೆ ತೆರೆದು, ಬೇರೆ ಕೆಲಸ ಹಿಡಿದು ಹೋದ. ಅಕ್ಕನಿಗೆ ಒಂದು, ನನಗೆ ಒಂದು, ಮಧ್ಯಾಹ್ನ ಎರಡರ ನಂತರ ಬರುವ ನಿಧಾನಿ ಎಂಬ ಹಿರಿಯರಿಗೆ ಒಂದು. ನಿಧಾನಿಯವರ ಬಗ್ಗೆ ಆ ಹೆಸರೇ ಸಾಕು. ಯಾರ ಖಾತೆಯಿಂದ ಆಸರೆ ಯಂತ್ರಕ್ಕೆ ಹೋಗುತ್ತದೋ ಅವರ ಹೆಸರು, ದಿನಾಂಕದ ಸಮೇತ, ಒಂದು ಚೀಟಿಯಲ್ಲಿ ಅಚ್ಚಾಗಿ ಬರುತ್ತದೆ. ಆ ಚೀಟಿಯನ್ನು ಚಿಪ್ಪಿನ ಒಳಗೆ ಅಂಟಿಸಿ ಕೊಡಬೇಕು. ಮಾಡಿದವರು ಯಾರು ಎಂದು ನಾಳೆ ಯಾರಾದರೂ ಕೇಳಿದರೆ ಉತ್ತರ ಅದೇ.

ಹೊಸ ಸಾಫ್ಟ್‌ವೇರ್ ಬಂದ ದಿನ ಅಕ್ಕ ತನ್ನ ಖಾತೆಯಲ್ಲಿ ಕೂತು, ಅಂದರೆ ನಿಂತು, ಉದ್ದದ ಲೈಸೆನ್ಸ್ ಸಂಖ್ಯೆ ಒತ್ತಿ ನೋಂದಣಿ ಮಾಡಿದಳು. ಬೆಣ್ಣೆಯಂತೆ ತೆರೆಯಿತು. ಮರುದಿನ ನಾನು ನನ್ನ ಖಾತೆಯಿಂದ ತೆರೆದರೆ, "ಈ ಪ್ರತಿ ನೋಂದಣಿಯಾಗಿಲ್ಲ" ಎಂದಿತು. ಯಂತ್ರಕ್ಕೆ ಕಳಿಸುವ ಗುಂಡಿ ಬೂದು ಬಣ್ಣಕ್ಕೆ ತಿರುಗಿ ಸತ್ತಂತೆ ಬಿದ್ದಿತ್ತು. ಸರಿ, ಅದೇ ಸಂಖ್ಯೆಯನ್ನು ಮತ್ತೆ ಒತ್ತಿದೆ. "ಈ ಕಂಪ್ಯೂಟರ್ ಈಗಾಗಲೇ ನೋಂದಣಿಯಾಗಿದೆ" ಎಂದಿತು. ಮುಚ್ಚಿ ತೆರೆದೆ. ನೋಂದಣಿಯಾಗಿಲ್ಲ!

"ಅಕ್ಕ, ಇದು ಒಂದೇ ಉಸಿರಲ್ಲಿ ಆಗಿದೆ ಅನ್ನತ್ತೆ, ಆಗಿಲ್ಲ ಅನ್ನತ್ತೆ. ನನ್ನನ್ನ ಗೋಳುಹೊಯ್ಕೋತಾ ಇದೆ."

"ನಿನ್ನ ಕೈಗೆ ಪ್ಲಾಸ್ಟರ್ ಮೆತ್ತಿರತ್ತೆ, ಕೀ ಸರಿಯಾಗಿ ಒತ್ತಿರಲ್ಲ. ಬಿಡು, ನಾನು ನೋಡ್ತೀನಿ."

ಅವಳು ನೋಡಿದಳು. ಎರಡು ದಿನ ನೋಡಿದಳು. ಕಡೆಗೆ, ಇಡೀ ಯಂತ್ರದ ಮೇಲೆ ಅಧಿಕಾರವಿರುವ ಯಜಮಾನ ಖಾತೆಯಿಂದ ನೋಂದಾಯಿಸಿದರೆ ಎಲ್ಲರಿಗೂ ಬಂದೀತು ಎಂದುಕೊಂಡು ಹಾಗೆ ಮಾಡಿದಳು. ಅದು ಯಜಮಾನನಿಗೆ ಮಾತ್ರ ತೆರೆಯಿತು. ಅಷ್ಟೇ ಆಗಿದ್ದರೆ ಸರಿ. ಒಂದು ಸಂಖ್ಯೆಗೆ ಮೂರೇ ಸಲ ನೋಂದಣಿ. ಅದರಲ್ಲಿ ಎರಡು ತಿಂದು ಹೋಯಿತು. ಇನ್ನೂ ಕೆಟ್ಟದ್ದೆಂದರೆ, ಕಂಪನಿಯ ಲೆಕ್ಕದಲ್ಲಿ ಈಚೆಗೆ ನೋಂದಾಯಿಸಿದವನೇ ನಿಜವಾದ ಮಾಲೀಕ. ಹಾಗಾಗಿ ಅವಳ ಸ್ವಂತ ಖಾತೆಯಲ್ಲೂ ಎರಡು ಮೂರು ವಾರಕ್ಕೊಮ್ಮೆ ನೋಂದಣಿ ತಪ್ಪಿಹೋಗತೊಡಗಿತು. ಪ್ರತಿ ಸಲವೂ ಕಂಪನಿಗೆ ಫೋನು ಮಾಡಿ, ಅವರು ಆ ಕಡೆಯಿಂದ ಗಂಟು ಬಿಚ್ಚಿ, ಇವಳು ಈ ಕಡೆಯಿಂದ ಹೊಸದಾಗಿ ಒತ್ತಬೇಕು. ಫೋನಿನಲ್ಲಿ ಸಿಗುತ್ತಿದ್ದ ಪುಣ್ಯಾತ್ಮನಿಗೆ ಗೊತ್ತಿದ್ದದ್ದು ಒಂದೇ ಮಂತ್ರ, ಕಂಪ್ಯೂಟರ್ ಆರಿಸಿ ಹಚ್ಚಿ.

"ಒಂದೇ ಕಂಪ್ಯೂಟರಲ್ಲಿ ಮೂರು ಜನ ಇದ್ದೀವಿ ಅಂದ್ರೆ ಅವನಿಗೆ ಅರ್ಥಾನೇ ಆಗಲ್ಲ ಕಣೋ" ಎಂದು ಅವಳು ಕಾರಿಡಾರಿನಲ್ಲಿ ದಾಪುಗಾಲು ಹಾಕುತ್ತಿದ್ದಳು. "ಮನೆ ಒಂದೇ, ಒಲೆ ಮೂರು ಅಂತೀನಿ. ಮೂರು ಮನೆ ಯಾಕೆ ಕಟ್ಸಿದ್ರಿ ಅಂತಾನೆ!"

ನಮ್ಮ ಕಾರ್ಯಾಗಾರದ ಮುಖ್ಯಸ್ಥೆಯನ್ನು ಮೇಡಂ ಎನ್ನುತ್ತೇವೆ. ಒಳ್ಳೆಯವರು, ಆದರೆ ಯಾವುದೇ ತಕರಾರನ್ನು ಬೇಗ ಮುಗಿಸುವ ಆತುರ. "ಎಲ್ಲರೂ ನಿಮ್ಮ ಖಾತೆಯಲ್ಲೇ ಮಾಡ್ಕೊಳ್ಲಿ. ಪಾಸ್‌ವರ್ಡ್ ಕೊಟ್ಬಿಡಿ" ಎಂದರು.

"ಚೀಟಿ ಮೇಲೆ ನನ್ನ ಹೆಸರು ಬರತ್ತಲ್ಲ ಮೇಡಂ? ಇವರು ಮಾಡಿದ್ದಕ್ಕೂ?"

"ಎಷ್ಟು ದಿನ? ಇನ್ನೊಂದು ಲೈಸೆನ್ಸಿಗೆ ಬರೆದಿದ್ದೀನಿ, ಬರತ್ತೆ."

ಎಂಟು ತಿಂಗಳಾದರೂ ಬರಲಿಲ್ಲ. ಅಕ್ಕ ಪಾಸ್‌ವರ್ಡ್ ಕೊಟ್ಟು, ಕಂಪ್ಯೂಟರಿನ ಪಕ್ಕ ಒಂದು ಹಾಳೆ ತೂಗುಹಾಕಿ, ಕೂತವರು ತಮ್ಮ ಹೆಸರು ಬರೆಯಬೇಕೆಂದು ತಾಕೀತು ಮಾಡಿದಳು. ನಾಲ್ಕು ದಿನ ಬರೆದೆವು. ಐದನೆಯ ದಿನ ಪೆನ್ನು ಕಾಣೆಯಾಯಿತು. ಆ ಮೇಲೆ ಹಾಳೆಯೂ ಕಾಣೆಯಾಯಿತು, ನಿಧಾನಿ ಅದರಲ್ಲಿ ಕನ್ನಡಕ ಒರೆಸಿಕೊಂಡಿದ್ದರೆಂದು ನನ್ನ ಗುಮಾನಿ. ನಿಜ ಹೇಳಿಬಿಡುತ್ತೇನೆ, ನನಗೇನೂ ತೊಂದರೆ ಅನ್ನಿಸಲಿಲ್ಲ. ನನ್ನ ಹೆಸರಿಲ್ಲದ ಚೀಟಿ ಅಂಟಿಸಿಕೊಡುವುದು ಹಾಯಾಗಿಯೇ ಇತ್ತು.

ಒಂದು ಸೋಮವಾರ ಬೆಳಿಗ್ಗೆ ಒಬ್ಬ ತಾಯಿ ಆರು ವರ್ಷದ ಮಗಳನ್ನು ಎತ್ತಿಕೊಂಡು ಬಂದರು. ನಡೆಸಿಕೊಂಡಲ್ಲ, ಎತ್ತಿಕೊಂಡು. ಆಸರೆಯನ್ನು ಮೇಡಂ ಮೇಜಿನ ಮೇಲಿಟ್ಟು, ಮಗುವಿನ ಕಾಲುಚೀಲ ಎಳೆದು ತೋರಿಸಿದರು. ಹೊರ ಹರಡಿನ ಮೂಳೆಯ ಮೇಲೆ ಅಂಗುಲದಗಲ ಚರ್ಮವೇ ಇರಲಿಲ್ಲ.

"ನೋವು ಅಂತ ಅತ್ಲು. ಹೊಸದಲ್ವಾ, ರೂಢಿ ಆಗತ್ತೆ, ನಡಿ ನಡಿ ಅಂತ ನಾನೇ ಬೈದೆ" ಎಂದರು ಆ ತಾಯಿ. ಅವರ ದನಿ ಏರಲೇ ಇಲ್ಲ. ಏರಿದ್ದರೆ ನಮಗೆ ಸಲೀಸಾಗುತ್ತಿತ್ತು.

ಮೇಡಂ ಚಿಪ್ಪಿನೊಳಗಿನ ಚೀಟಿ ಓದಿದರು. ಅಕ್ಕನ ಹೆಸರು. ದಿನಾಂಕ, ಹೋದ ವಾರಕ್ಕೂ ಹಿಂದಿನ ವಾರದ ಮಂಗಳವಾರ.

ಮಕ್ಕಳ ಆಸರೆ ಮಾಡಲು ಪ್ರತ್ಯೇಕ ಅನುಮತಿಪತ್ರ ಬೇಕು. ನಮ್ಮೆಲ್ಲರದ್ದೂ ಆ ತಿಂಗಳು ಮರುಪರಿಶೀಲನೆಗೆ ಹೋಗುವುದಿತ್ತು. ಗಾಯದ ದೂರು ಇದ್ದವರ ಪತ್ರ ನಿಂತುಹೋಗುತ್ತದೆ. ಅಕ್ಕನಿಗೆ ದೊಡ್ಡವರ ಕಾಲು ಬೇಡ, ಅವಳು ಈ ಕೆಲಸದಲ್ಲಿ ಉಳಿದಿರುವುದೇ ಮಕ್ಕಳ ಪಾದಕ್ಕಾಗಿ. ಇದು ಮೇಡಂಗೂ ಗೊತ್ತು, ನನಗೂ ಗೊತ್ತು.

ಅಕ್ಕ ಬಂದು ಚೀಟಿ ನೋಡಿ, ಆಸರೆಯ ಒಳಗೆ ಬೆರಳಾಡಿಸಿದಳು. "ಇದು ನಾನು ಮಾಡಿದ್ದಲ್ಲ" ಎಂದಳು. "ಹರಡಿಗೆ ಜಾಗ ಬಿಡೋದನ್ನ ನಾನು ಮರೀತೀನಾ? ಹನ್ನೊಂದು ವರ್ಷದಲ್ಲಿ ಒಂದು ಸಲ ಮರೆತಿದ್ದೀನಾ?"

ಆ ಮೇಲೆ ನನ್ನ ಪ್ಲಾಸ್ಟರ್ ಕೋಣೆಗೆ ಬಂದಳು. ಬಾಗಿಲು ಹಾಕಿದಳು. ಮೂರು ಹೆಜ್ಜೆಯ ಕೋಣೆ ಅದು. ಮೂರು ಹೆಜ್ಜೆ ಆಚೆ, ಮೂರು ಹೆಜ್ಜೆ ಈಚೆ.

"ಗಾರೆ, ನಿಜ ಹೇಳು. ನೀನು ಮಾಡಿದ್ಯಾ?"

ನನಗೆ ಮೈಯೆಲ್ಲ ಉರಿದುಹೋಯಿತು. ಉರಿದದ್ದು ಯಾಕೆಂದರೆ, ನಾನೇ ಮಾಡಿರಬಹುದು ಎಂಬ ಭಯ ಒಳಗೆ ಕೊರೆಯುತ್ತಿತ್ತು. ಎಷ್ಟೋ ದಿನ ಅವಳ ಖಾತೆಯಲ್ಲಿ ಕೂತಿದ್ದೇನೆ. ಯಾವ ದಿನ, ಯಾವ ಮಗು, ಹಾಳೆ ಇಲ್ಲ, ನೆನಪೂ ಇಲ್ಲ.

"ತಪ್ಪಾದ್ರೆ ಗಾರೆ, ಸರಿಯಾದ್ರೆ ನೀನು. ಅಲ್ವಾ?" ಎಂದೆ.

"ನಾನು ಹಾಗಂದ್ನಾ?"

"ಮತ್ತೆ ಹೇಗಂದೆ? ಹೋಗು, ನಿಧಾನಿನೂ ಕೇಳ್ಕೊಂಡು ಬಾ. ಆಮೇಲೆ ಕಸ ಗುಡಿಸೋರನ್ನ ಕೇಳು."

ಎರಡು ದಿನ ಮಾತಿಲ್ಲ. ನಿಧಾನಿಯನ್ನು ಕೇಳಿದಳಂತೆ. ಅವರು ಯೋಚಿಸಿ ಹೇಳುತ್ತೇನೆ ಎಂದರಂತೆ. ಇನ್ನೂ ಯೋಚಿಸುತ್ತಲೇ ಇದ್ದರು. ಅವಳು ಊಟದ ಡಬ್ಬಿ ತೆರೆಯುವುದನ್ನೂ ಬಿಟ್ಟಳು. ಕಿಟಕಿ ತೆರೆದಳು, ಮುಚ್ಚಿದಳು. ಉಪಕರಣಗಳನ್ನು ಗಾತ್ರದ ಪ್ರಕಾರ ಜೋಡಿಸಿ, ಮರುಗಳಿಗೆಯಲ್ಲಿ ಕೆಲಸದ ಪ್ರಕಾರ ಜೋಡಿಸಿದಳು. ನನಗೆ ನೋಡಲಾಗುತ್ತಿರಲಿಲ್ಲ, ನೋಡದೆ ಇರಲೂ ಆಗುತ್ತಿರಲಿಲ್ಲ.

ಬುಧವಾರ ಕಂಪನಿಯಿಂದ ಒಂದು ಉತ್ತರ ಬಂತು. ಅವಳು ಬರೆದ ಹದಿನಾಲ್ಕನೆಯ ಪತ್ರಕ್ಕೆ ಮೊದಲ ಬಾರಿಗೆ ತಲೆಯಿರುವ ಮನುಷ್ಯನೊಬ್ಬ ಬರೆದಿದ್ದ. ನೋಂದಣಿಯ ಫೈಲು ನೋಂದಾಯಿಸಿದವರ ಸ್ವಂತ ಫೋಲ್ಡರಿನಲ್ಲಿ, ಪಟ್ಟಿಯಲ್ಲಿ ಕಾಣದ ಹಾಗೆ ಅಡಗಿರುತ್ತದೆ; ಬೇರೆ ಖಾತೆಗೆ ಅಲ್ಲಿ ಇಣುಕುವ ಹಕ್ಕಿಲ್ಲ. ಅದನ್ನು ಎಲ್ಲರಿಗೂ ಸೇರಿದ ಜಾಗದಲ್ಲಿಟ್ಟು, ಓದುವ ಹಕ್ಕನ್ನು ಎಲ್ಲರಿಗೂ ಕೊಟ್ಟರೆ ಮುಗಿಯಿತು, ಆಗ ಪದೇ ಪದೇ ತಪ್ಪಿಹೋಗುವುದೂ ನಿಲ್ಲುತ್ತದೆ. ಅಷ್ಟೇ! ಎಂಟು ತಿಂಗಳ ಜೀವ ತಿಂದದ್ದು ನಾಲ್ಕು ಸಾಲಿನಲ್ಲಿತ್ತು.

ಅವಳು ಹಾಗೇ ಮಾಡಿದಳು. ಮೊದಲ ಸಲ ಆಗಲಿಲ್ಲ. ಫೈಲು ಹೊಸ ಜಾಗಕ್ಕೆ ಹೋದರೂ ಓದುವ ಹಕ್ಕು ಅವಳೊಬ್ಬಳಿಗೇ ಉಳಿದಿತ್ತು. ಅದನ್ನೂ ಬಿಡಿಸಿದಳು. ಆ ಮೇಲೆ, ಎರಡು ದಿನದ ನಂತರ ಮೊದಲ ಮಾತು: "ಬಂದು ನಿನ್ನ ಖಾತೆ ತೆಗಿ."

ತೆರೆದೆ. ಬೂದು ಗುಂಡಿ ಹಸಿರಾಗಿತ್ತು. ಖುಷಿಗೆ ಅವಳ ಕಡೆ ತಿರುಗಿದರೆ ಅವಳು ನಗುತ್ತಿರಲಿಲ್ಲ. ಕೈಯಲ್ಲಿ ಒಂದು ಕಾಗದವಿತ್ತು. ಆ ಅಡಗಿದ ಫೋಲ್ಡರಿನಲ್ಲಿ ನೋಂದಣಿ ಫೈಲಿನ ಪಕ್ಕದಲ್ಲೇ ಇನ್ನೊಂದು ಫೈಲಿತ್ತಂತೆ. ಸಾಫ್ಟ್‌ವೇರು ದಿನವೂ ತಾನು ಮಾಡಿದ್ದನ್ನೆಲ್ಲ ಗಂಟೆ ನಿಮಿಷದ ಸಮೇತ ತನ್ನಷ್ಟಕ್ಕೆ ಬರೆದಿಟ್ಟುಕೊಳ್ಳುವ ಫೈಲು. ಅವಳು ಅದನ್ನು ತೆರೆದದ್ದು ನನ್ನನ್ನೋ ನಿಧಾನಿಯನ್ನೋ ಹಿಡಿಯಲು. ಅದನ್ನು ಅವಳೇ ಹೇಳಿದಳು, ಮುಚ್ಚಿಡಲಿಲ್ಲ.

ಆ ಮಂಗಳವಾರ ಹನ್ನೊಂದು ಇಪ್ಪತ್ತಕ್ಕೆ ಒಂದು ಸಾಲು: ನೋಂದಣಿ ಹೊಸದಾಗಿ ಆಯಿತು, ಎಲ್ಲ ಅಳತೆಗಳೂ ಮೂಲಸ್ಥಿತಿಗೆ ಮರಳಿದವು. ಹನ್ನೊಂದು ಮೂವತ್ತನಾಲ್ಕಕ್ಕೆ ಇನ್ನೊಂದು: ಆ ಮಗುವಿನ ಆಸರೆ ಯಂತ್ರಕ್ಕೆ ಹೋಯಿತು. ಹರಡಿಗೆ ಬಿಟ್ಟ ಜಾಗ, ಸೊನ್ನೆ.

"ನಿಧಾನಿ ಬರೋದು ಎರಡಕ್ಕೆ" ಎಂದಳು. "ನೀನು ಅವತ್ತು ಬೆಳಿಗ್ಗೆ ಎಲ್ಲಿದ್ದೆ?"

ನೆನಪು ಆಗ ಬಂತು. ಅವತ್ತು ನಾನು ಒಬ್ಬ ಮುದುಕರ ಕಾಲಿಗೆ ಪ್ಲಾಸ್ಟರ್ ಸುತ್ತುತ್ತಿದ್ದೆ. ತೆರೆದ ಬಾಗಿಲಿನಾಚೆ ಅಕ್ಕ, ಭುಜಕ್ಕೂ ಕಿವಿಗೂ ನಡುವೆ ಫೋನು ಸಿಕ್ಕಿಸಿಕೊಂಡು, ಕಂಪನಿಯವನ ಮೇಲೆ ಕೂಗಾಡುತ್ತಿದ್ದಳು. ಒಂದು ಕೈ ಮೌಸಿನ ಮೇಲೆ. "ಆರಿಸಿ ಹಚ್ಚೋಕೆ ನನ್ನತ್ರ ಟೈಮಿಲ್ಲ ರೀ, ಇಲ್ಲಿ ಮಕ್ಕಳು ಕಾಯ್ತಿದ್ದಾರೆ" ಎಂದದ್ದು ಪ್ಲಾಸ್ಟರ್ ಕೋಣೆಯವರೆಗೆ ಕೇಳಿಸಿತ್ತು. ಮುದುಕರು ನಕ್ಕಿದ್ದರು.

ನನ್ನ ಎದೆಯಿಂದ ಭಾರ ಇಳಿಯಿತು, ಇಳಿದದ್ದಕ್ಕೆ ನಾಚಿಕೆಯೂ ಆಯಿತು. "ನೋಂದಣಿ ಆದಾಗ ಅಳತೆ ಅಳಿಸಿ ಹೋಗತ್ತೆ ಅಂದ್ರೆ ಅದು ಕಂಪನಿ ತಪ್ಪು ಅಕ್ಕ. ಯಾರಿದ್ರೂ ಹೀಗೇ ಆಗ್ತಿತ್ತು."

"ಪ್ರತಿ ಸಲ ಅಳಿಸಿ ಹೋಗತ್ತೆ. ಪ್ರತಿ ಸಲ ನಾನು ಮತ್ತೆ ಹಾಕ್ತಿದ್ದೆ. ಅವತ್ತು ಜಗಳದಲ್ಲಿದ್ದೆ" ಎಂದಳು. ಆ ಮೇಲೆ, "ನಿನ್ನನ್ನ ಕೇಳಿದ್ನಲ್ಲೋ. ಬಾಗಿಲು ಹಾಕ್ಕೊಂಡು ಕೇಳ್ದೆ" ಎಂದಳು.

ನಾನು ನನ್ನ ಖಾತೆ ಮುಚ್ಚಿ ಪ್ಲಾಸ್ಟರ್ ಕೋಣೆಗೆ ಹೋದೆ. ಪರವಾಗಿಲ್ಲ ಅನ್ನಬೇಕಿತ್ತು.

ಗುರುವಾರ ತಾಯಿ ಮಗಳು ಮತ್ತೆ ಬಂದರು. ಮೇಡಂ ಆಗಲೇ ದಾರಿ ಹುಡುಕಿಟ್ಟಿದ್ದರು. ಪಾಸ್‌ವರ್ಡ್ ಮೂವರಲ್ಲೂ ಇತ್ತು, ಯಾರೆಂದು ನಿಖರವಾಗಿ ಹೇಳಲಾಗದು, ತಾಂತ್ರಿಕ ದೋಷ ಎಂದು ಬರೆದು ಮುಗಿಸುವುದು. ಅಕ್ಕನ ಅನುಮತಿಪತ್ರಕ್ಕೆ ಏನೂ ಆಗದು. ಆ ಫೈಲಿನ ವಿಷಯ ಗೊತ್ತಿದ್ದದ್ದು ನಮ್ಮಿಬ್ಬರಿಗೇ. ನಾನು ಬಾಯಿ ಬಿಡುವವನಲ್ಲವೆಂದು ಅವಳಿಗೆ ಗೊತ್ತಿತ್ತು. ಎಂಟು ತಿಂಗಳು ಯಾವ ಏರ್ಪಾಡನ್ನು ಬೈದಳೋ ಅದೇ ಈಗ ಕೊಡೆ ಹಿಡಿದು ನಿಂತಿತ್ತು.

ಮೇಡಂ ತಮ್ಮ ವಿವರಣೆ ಮುಗಿಸುವ ಮೊದಲೇ ಅಕ್ಕ ಕಾಗದವನ್ನು ಮೇಜಿನ ಮೇಲಿಟ್ಟಳು.

"ಮಾಡಿದ್ದು ನಾನೇ" ಎಂದಳು, ಮೇಡಂಗಲ್ಲ, ಆ ತಾಯಿಗೆ. "ಇಷ್ಟು ಜಾಗ ಬಿಡ್ಬೇಕಿತ್ತು. ಬಿಡ್ಲಿಲ್ಲ. ನೋಡದೆ ಕಳಿಸ್ಬಿಟ್ಟೆ. ಮಗು ಅತ್ತಿದ್ದು ಸರಿ, ನೀವು ಬೈದಿದ್ದು ನಿಮ್ಮ ತಪ್ಪಲ್ಲ. ಅದನ್ನ ಮನಸ್ಸಲ್ಲಿ ಇಟ್ಕೋಬೇಡಿ."

"ಈ ಕಾಗದ ನೀವು ನನಗೆ ಮೊದಲೇ ತೋರಿಸ್ಬೇಕಿತ್ತು" ಎಂದರು ಮೇಡಂ, ಮೆಲ್ಲಗೆ. ತೋರಿಸಿದ್ದರೆ ಅದು ಯಾವ ಡ್ರಾಯರು ಸೇರುತ್ತಿತ್ತೋ.

ತಾಯಿ ಕ್ಷಮಿಸುವ ಮಾತೇನೂ ಆಡಲಿಲ್ಲ. ಮಗಳ ಕಾಲುಚೀಲ ಸರಿಮಾಡಿದರು. "ಹೊಸದು ಯಾವತ್ತು ಸಿಗತ್ತೆ?" ಎಂದಷ್ಟೇ ಕೇಳಿದರು.

ಆರು ತಿಂಗಳು ಅಕ್ಕ ಮಕ್ಕಳ ಕಾಲು ಮುಟ್ಟುವಂತಿಲ್ಲ ಎಂದು ಪತ್ರ ಬಂತು. ಗಾಯ ಮಾಯುವವರೆಗೆ ಕಾದು, ಹೊಸ ಆಸರೆ ಮಾಡುವ ಪಾಳಿ ನನಗೆ ಬಿತ್ತು. ನನ್ನ ಖಾತೆಯಿಂದ, ನನ್ನ ಹೆಸರಿನಲ್ಲಿ. ಆ ದಿನ ನಾನು ಹರಡಿನ ಅಳತೆಯನ್ನು ಆರು ಸಲ ನೋಡಿದೆ. ಗುಂಡಿ ಒತ್ತಲು ಹೋಗಿ ಕೈ ಹಿಂದೆ ತೆಗೆದೆ. ಎದ್ದು ಒಂದು ಸುತ್ತು ಹಾಕಿ ಬಂದು ಏಳನೆಯ ಸಲ ನೋಡಿದೆ. ಇಷ್ಟು ವರ್ಷ ಅವಳು ಯಾಕೆ ಕೂರುತ್ತಿರಲಿಲ್ಲವೆಂದು ನನಗೆ ಆಗ ಸ್ವಲ್ಪ ತಿಳಿಯಿತು. ಅಕ್ಕ ದೊಡ್ಡವರ ವಿಭಾಗದಿಂದ ಎರಡು ಸಲ ಬಾಗಿಲವರೆಗೆ ಬಂದು, ಹಾಗೇ ತಿರುಗಿ ಹೋದಳು.

ಹೊಸದನ್ನು ತೊಟ್ಟು ಹತ್ತು ದಿನದ ಮೇಲೆ ತಪಾಸಣೆಗೆ ಬಂದರು. ಮಗು ನಡೆದುಕೊಂಡೇ ಬಂತು, ಒಂದು ಕೈ ಗೋಡೆಯ ಮೇಲೆ, ಅದೂ ಶೋಕಿಗೆ. ನಾನು ಆಸರೆ ಬಿಚ್ಚಿ ಬೆಂಚಿನ ಮೇಲೆ ಕೂರಿಸಿ ನೋಡುತ್ತಿದ್ದೆ. ಮೇಡಂ ಪಕ್ಕದಲ್ಲಿ ಫೈಲು ಹಿಡಿದು ನಿಂತಿದ್ದರು. ಅಕ್ಕ ಬಾಗಿಲಿನಾಚೆಯೇ ನಿಂತಳು, ಹೊಸ್ತಿಲಿಗೆ ಗೆರೆ ಎಳೆದಂತೆ.

"ಕೆಂಪಾಗಿದೆಯೇನೋ?" ಎಂದು ಅಲ್ಲಿಂದಲೇ ಕೇಳಿದಳು.

"ಇಲ್ಲ."

"ಒಳಗಡೆ? ಹಿಮ್ಮಡಿ ಮೇಲೆ?"

"ಇಲ್ಲ ಅಕ್ಕ."

"ಬೆಳಕಿಗೆ ಹಿಡಿದು ನೋಡ್ದ್ಯಾ?"

ಆ ತಾಯಿ ಅವಳ ಕಡೆ ತಿರುಗಿ ಬಹಳ ಹೊತ್ತು ನೋಡಿದರು. ನನಗೆ ಹೆದರಿಕೆಯೇ ಆಯಿತು. ಆ ಮೇಲೆ ಮಗಳನ್ನು ಬೆಂಚಿನಿಂದ ಎತ್ತಿಕೊಂಡು, ಬಾಗಿಲವರೆಗೆ ನಡೆದು, ಬರಿಗಾಲನ್ನು ಅಕ್ಕನ ಮುಂದೆ ಹಿಡಿದರು.

"ನೀವೇ ನೋಡಿ" ಎಂದರು. "ನೀವು ನೋಡಿದ್ರೆ ನಂಗೆ ಧೈರ್ಯ."

ಅಕ್ಕ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದಳು. ಮೇಡಂ ಕಡೆ ನೋಡಿದಳು. ಮೇಡಂ ಫೈಲು ಮುಚ್ಚಿ, ಕಿಟಕಿಯ ಹತ್ತಿರ ಹೋಗಿ, ಹೊರಗಿನ ಬೀದಿಯಲ್ಲಿ ಏನೋ ಬಹಳ ಮುಖ್ಯವಾದದ್ದು ನಡೆಯುತ್ತಿದೆಯೆಂಬಂತೆ ಬೆನ್ನು ತಿರುಗಿಸಿ ನಿಂತರು.

ಅವಳು ಕೈ ಚಾಚಿ ಪಾದವನ್ನು ಹಿಡಿದುಕೊಂಡಳು. ಹರಡಿನ ಮೂಳೆಯ ಮೇಲೆ ಹೆಬ್ಬೆರಳಿಟ್ಟು ಮೆಲ್ಲಗೆ ಒತ್ತಿದಳು.

"ನೋವಾಗತ್ತಾ ಪುಟ್ಟಿ?"

"ಇಲ್ಲ" ಎಂದಿತು ಮಗು. ಆ ಮೇಲೆ ಅವಳ ಮುಖವನ್ನೇ ನೋಡಿ, "ನೀವ್ಯಾಕೆ ಅಳ್ತಿದ್ದೀರಾ?" ಎಂದು ಕೇಳಿತು.